ಬಸುರಿಗೆ ಮೀನು: ಬೇಡ ಅನ್ನುವ ಮೊದಲು ಯಾವ ಮೀನು ಅಂತ ಕೇಳಬೇಕು

2025ರ ಮೇ 25ರಂದು ಕೊಚ್ಚಿಯ ಆಚೆ ಕಡಲಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಸರಕು ಹಡಗು ಮುಳುಗಿತು. ಅದರಲ್ಲಿದ್ದ 640 ಕಂಟೇನರ್‌ಗಳಲ್ಲಿ 13ರಲ್ಲಿ ಅಪಾಯಕಾರಿ ಸರಕಿತ್ತು. ಹದಿನೈದೇ ದಿನದಲ್ಲಿ, ಜೂನ್ 9ಕ್ಕೆ, ನಮ್ಮ ಕಾಸರಗೋಡಿಗೆ ಇನ್ನೂ ಹತ್ತಿರದಲ್ಲಿ, ಕಣ್ಣೂರಿನ ಅಳೀಕ್ಕಲ್‌ನ ಆಚೆ ವಾನ್ ಹೈ 503 ಎಂಬ ಇನ್ನೊಂದು ಹಡಗಿಗೆ ಬೆಂಕಿ ಬಿತ್ತು. ಆಗ ಎದ್ದ ಪ್ರಶ್ನೆ ಇನ್ನೂ ಮುಗಿದಿಲ್ಲ. ಈ ಕಡಲಿನ ಮೀನು ತಿನ್ನಬಹುದಾ?

ಅದಕ್ಕೂ ಸ್ವಲ್ಪ ಮೊದಲು, 2024ರ ಅಕ್ಟೋಬರಿನಲ್ಲಿ, ಯುರೋಪಿನ ಸಂಸ್ಥೆಯೊಂದು ಟ್ಯೂನಾ ಮೀನಿನ 148 ಡಬ್ಬಿಗಳನ್ನು ಪರೀಕ್ಷೆ ಮಾಡಿಸಿ, ಎಲ್ಲದರಲ್ಲೂ ಪಾದರಸ ಇದೆ ಎಂದು ಹೇಳಿತ್ತು. ಇನ್ನು ಪ್ರತಿ ಮಳೆಗಾಲಕ್ಕೆ ತಪ್ಪದೆ ಬರುವುದು, ಮೀನು ಕೆಡದಂತೆ ಫಾರ್ಮಾಲಿನ್ ಎಂಬ ರಾಸಾಯನಿಕ ಹಾಕುತ್ತಾರೆ ಎಂಬ ಸುದ್ದಿ. ಈ ಮೂರೂ ಒಂದೇ ಮೊಬೈಲಿನಲ್ಲಿ, ಒಂದರ ಹಿಂದೆ ಒಂದು ಬಂದು ಬೀಳುತ್ತವೆ. ಮನೆಯಲ್ಲಿ ಬಸುರಿ ಇದ್ದರೆ ಎಲ್ಲರೂ ಸೇರಿ ಮೊದಲು ತೀರ್ಮಾನ ಮಾಡುವುದು ಅವಳ ಬಟ್ಟಲಿನ ಬಗ್ಗೆ. "ಸುಮ್ನೆ ಯಾಕೆ ರಿಸ್ಕು, ಒಂಬತ್ತು ತಿಂಗಳು ಮೀನು ಬಿಟ್ಟರೆ ಏನಾಗುತ್ತದೆ?"

ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಮೀನು ತಿನ್ನುವುದರಲ್ಲಿ ಅಪಾಯ ಹುಡುಕುವವರು ಬಿಡುವುದರಲ್ಲಿರುವ ಅಪಾಯವನ್ನು ಹುಡುಕುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಉತ್ತರ "ತಿನ್ನಿ" ಅಂತಲೂ ಬರುವುದಿಲ್ಲ, "ಬಿಡಿ" ಅಂತಲೂ ಬರುವುದಿಲ್ಲ. ಯಾವ ಮೀನು, ಎಷ್ಟು ದೊಡ್ಡ ಮೀನು, ವಾರಕ್ಕೆ ಎಷ್ಟು ಸಲ ಎಂಬುದರ ಮೇಲೆ ನಿಲ್ಲುತ್ತದೆ.

ಕಾಸರಗೋಡಿನ ಹೆದರಿಕೆಗೆ ಕಾರಣ ಇದೆ

ಹೊರಗಿನವರಿಗೆ ಇದು ಅತಿಯಾದ ಭಯ ಅನಿಸಬಹುದು. ಆದರೆ ಗರ್ಭ, ವಿಷ ಎಂಬ ಎರಡು ಮಾತು ಒಟ್ಟಿಗೆ ಬಂದರೆ ಈ ಜಿಲ್ಲೆಯ ಜನ ಬೆಚ್ಚಿಬೀಳುವುದು ಸುಮ್ಮನೆ ಅಲ್ಲ. ಇಲ್ಲಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಜಾಸ್ತಿ ಕಾಲ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಕಡೆಯ ಮನೆಗಳಲ್ಲಿ ಹುಟ್ಟಿದ ಮಕ್ಕಳ ಸ್ಥಿತಿಯನ್ನು ಲೋಕವೆಲ್ಲ ನೋಡಿತು. ಅಷ್ಟೂ ವರ್ಷ "ಇದರಿಂದ ಏನೂ ಆಗುವುದಿಲ್ಲ" ಎಂದು ಹೇಳುವವರು ಇದ್ದೇ ಇದ್ದರು. ದೇಶದ ಉದ್ದಕ್ಕೂ ನಿಷೇಧ ಬರಲು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಹೀಗಾಗಿ ಅಧಿಕಾರಿಗಳು "ಸುರಕ್ಷಿತ" ಅಂದರೆ ಇಲ್ಲಿ ಯಾರೂ ತಟ್ಟನೆ ನಂಬುವುದಿಲ್ಲ. ನಂಬದೆ ಇರುವುದು ತಪ್ಪೂ ಅಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಎಂಡೋಸಲ್ಫಾನ್‌ನಿಂದ ಬಸುರಿಗೆ ಯಾವ ಪ್ರಯೋಜನವೂ ಇರಲಿಲ್ಲ, ನಿಲ್ಲಿಸಿದ್ದರಿಂದ ಅವಳು ಏನನ್ನೂ ಕಳೆದುಕೊಳ್ಳಲಿಲ್ಲ. ಮೀನಿನ ವಿಷಯ ಹಾಗಲ್ಲ. ಅದರೊಳಗೆ ಪಾದರಸ ಎಷ್ಟಿದೆ ಅಂತ ಕೇಳುವಾಗಲೇ ಇನ್ನೇನೇನಿದೆ ಅಂತಲೂ ಕೇಳಬೇಕಾಗುತ್ತದೆ.

ಹಡಗಿನಿಂದ ಬಂದದ್ದು ಏನು?

ಮೊದಲು ಹಡಗಿನ ಸುದ್ದಿಯನ್ನು ಮುಗಿಸೋಣ. ಜಾಸ್ತಿ ಗದ್ದಲ ಆದದ್ದು ಅದರದ್ದೇ. ಬಸುರಿಯ ಊಟದ ಮಟ್ಟಿಗೆ ಬಹುಶಃ ಎಲ್ಲಕ್ಕಿಂತ ಕಡಿಮೆ ತೂಕದ್ದೂ ಅದೇ.

ಎಲ್ಸಾ 3ರ ಅಪಾಯಕಾರಿ ಕಂಟೇನರ್‌ಗಳಲ್ಲಿ 12ರಲ್ಲಿ ಇದ್ದದ್ದು ಕ್ಯಾಲ್ಸಿಯಂ ಕಾರ್ಬೈಡ್. ಅದು ನೀರಿಗೆ ತಾಗಿದರೆ ಅಸಿಟಿಲೀನ್ ಅನಿಲ ಮತ್ತು ಸುಣ್ಣದ ತಿಳಿಯಂಥ ದ್ರವ ಆಗುತ್ತದೆ. ಅನಿಲಕ್ಕೆ ಬೆಂಕಿ ಹಿಡಿಯಬಹುದು. ಆ ಜಾಗದ ನೀರು ಕ್ಷಾರವಾಗಿ ಅಲ್ಲೇ ಇದ್ದ ಮೀನು ಸಾಯಬಹುದು. ಆದರೆ ಪಾದರಸದ ಹಾಗೆ ಮೀನಿನ ಮೈಯಲ್ಲಿ ಸೇರಿ ಕೂರುವ ಗುಣ ಅದಕ್ಕಿಲ್ಲ. ದೊಡ್ಡ ಕಡಲಿನಲ್ಲಿ ಬೆರೆತು ತಿಳಿಯಾಗಿಬಿಡುತ್ತದೆ.

ಇನ್ನೊಂದು, ದಡಕ್ಕೆ ಬಂದು ಬಿದ್ದ ಸಣ್ಣ ಬಿಳಿ ಪ್ಲಾಸ್ಟಿಕ್ ಕಾಳುಗಳು. ಜೋಳದ ಕಾಳಿಗಿಂತ ಚಿಕ್ಕವು. ಇವನ್ನು ಮೀನು ಆಹಾರ ಅಂದುಕೊಂಡು ನುಂಗಬಹುದು. ನುಂಗಿದ್ದು ಹೊಟ್ಟೆ, ಕರುಳಿನಲ್ಲಿ ಉಳಿಯುತ್ತದೆ, ನಾವು ತಿನ್ನುವ ಮಾಂಸಕ್ಕೆ ಕಾಳು ಕಾಳಾಗಿ ಬರುವುದಿಲ್ಲ. ಕೊಲ್ಲತರುವಿನಷ್ಟು ಪುಟ್ಟ ಮೀನನ್ನೂ ನಮ್ಮ ಮನೆಗಳಲ್ಲಿ ತಲೆ ಚಿವುಟಿ, ಜೊತೆಗೇ ಕರುಳನ್ನೂ ಎಳೆದು ತೆಗೆಯುತ್ತಾರೆ. ಆ ಅಭ್ಯಾಸವನ್ನು ಅವಸರದಲ್ಲಿ ಬಿಡಬಾರದು, ಅಷ್ಟೇ.

ಮೂರನೆಯದು ಎಣ್ಣೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಹಡಗಿನ ಇಂಧನ ಸೋರಿದರೆ ಅದರಲ್ಲಿರುವ ಕೆಲವು ಪದಾರ್ಥಗಳು ಕ್ಯಾನ್ಸರ್ ತರುವಂಥವು. ಮುಳ್ಳಿರುವ ಮೀನುಗಳು ಈ ಪದಾರ್ಥಗಳನ್ನು ತಮ್ಮ ಪಿತ್ತಕೋಶ, ಯಕೃತ್ತಿನ ಮೂಲಕ ಕೆಲವು ದಿನಗಳಲ್ಲಿ, ವಾರಗಳಲ್ಲಿ ಹೊರಗೆ ಹಾಕಬಲ್ಲವು. ಮರುವಾಯಿ, ಕಲ್ಲುಮ್ಮಕ್ಕಾಯಿಯಂಥ ಚಿಪ್ಪಿನ ಮೀನುಗಳಿಗೆ ಆ ಶಕ್ತಿ ಬಹಳ ಕಡಿಮೆ. ಅವು ಇದ್ದಲ್ಲೇ ಇದ್ದು ನೀರನ್ನು ಸೋಸಿ ಬದುಕುತ್ತವೆ, ನೀರಿನಲ್ಲಿ ಏನಿದೆಯೋ ಅದು ಅವುಗಳ ಒಳಗೂ ಸೇರುತ್ತದೆ. ಎಣ್ಣೆ ಹರಡಿದ ಕಡೆಯಲ್ಲಿ ಮೊದಲು ನಿಲ್ಲಿಸಬೇಕಾದದ್ದು ಚಿಪ್ಪಿನ ಮೀನು, ಕೊನೆಗೆ ಶುರುಮಾಡಬೇಕಾದದ್ದೂ ಅದನ್ನೇ.

ಹಾಗಾದರೆ ಪಡನ್ನ, ಚೆರುವತ್ತೂರು ಕಡೆ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವ ಕಲ್ಲುಮ್ಮಕ್ಕಾಯಿ? ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕಡಲ ಪ್ರವಾಹ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಅದಕ್ಕೇ ಕೊಚ್ಚಿಯ ಹತ್ತಿರ ಮುಳುಗಿದ ಹಡಗಿನ ಕಾಳುಗಳು ಕೊಲ್ಲಂ, ತಿರುವನಂತಪುರದ ದಡಗಳಿಗೆ ಹೋಗಿ ಬಿದ್ದವು, ನಮ್ಮ ಕಡೆಗೆ ತಿರುಗಲಿಲ್ಲ. ಇದು ಸಮಾಧಾನದ ವಿಷಯ. ಬೇರೆ ತಿಂಗಳಲ್ಲಿ, ಬೇರೆ ಜಾಗದಲ್ಲಿ ಇಂಥದ್ದು ಆದರೆ ಲೆಕ್ಕವೂ ಬೇರೆಯಾಗುತ್ತದೆ.

ಪಾದರಸ ಬಟ್ಟಲಿಗೆ ಬರುವ ದಾರಿ

ಬಸುರಿಯ ಮಟ್ಟಿಗೆ ನಿಜವಾಗಿ ಯೋಚಿಸಬೇಕಾದ್ದು ಇದು. ಮತ್ತು ಇದಕ್ಕೂ ಮುಳುಗಿದ ಹಡಗಿಗೂ ಸಂಬಂಧವೇ ಇಲ್ಲ.

ಕಲ್ಲಿದ್ದಲು ಸುಟ್ಟಾಗ, ಚಿನ್ನದ ಸಣ್ಣ ಗಣಿಗಳಲ್ಲಿ ಅದಿರಿನಿಂದ ಚಿನ್ನ ಬೇರೆ ಮಾಡುವಾಗ ಪಾದರಸ ಆವಿಯಾಗಿ ಗಾಳಿಗೆ ಸೇರುತ್ತದೆ. ಮಳೆಯ ಜೊತೆ ಕಡಲಿಗೆ ಇಳಿಯುತ್ತದೆ. ಅಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಾಯಿಸುತ್ತವೆ. ಇದೇ ಕೆಟ್ಟ ರೂಪ. ಒಮ್ಮೆ ಮೈಗೆ ಸೇರಿದರೆ ಸುಲಭಕ್ಕೆ ಹೊರಗೆ ಹೋಗುವುದಿಲ್ಲ.

ಪಾಚಿಯಿಂದ ಪುಟ್ಟ ಜೀವಿಗಳಿಗೆ, ಅವುಗಳಿಂದ ಚಿಕ್ಕ ಮೀನಿಗೆ, ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತಾ ಪಾದರಸದ ಪ್ರಮಾಣ ಹೆಚ್ಚುತ್ತದೆ. ಬಡ್ಡಿಗೆ ಬಡ್ಡಿ ಸೇರಿ ಸಾಲ ಬೆಳೆದ ಹಾಗೆ. ಬೂತಾಯಿ ತಿನ್ನುವುದು ಪಾಚಿಯಂಥ ಸೂಕ್ಷ್ಮ ಜೀವಿಗಳನ್ನು, ಬದುಕುವುದು ಎರಡು ಎರಡೂವರೆ ವರ್ಷ. ಅದರಲ್ಲಿ ಸೇರುವ ಪಾದರಸ ತೀರಾ ಕಡಿಮೆ. ದೊಡ್ಡ ತಾಟೆ ಮೀನು, ಅಂದರೆ ಶಾರ್ಕ್, ಹತ್ತಾರು ವರ್ಷ ಬದುಕಿ ಬೇರೆ ಮೀನುಗಳನ್ನೇ ತಿಂದು ಬೆಳೆಯುತ್ತದೆ. ಅದು ತಿಂದ ಮೀನುಗಳ ಪಾದರಸದಲ್ಲಿ ಹೆಚ್ಚಿನದು ಅದರ ಮೈಯಲ್ಲೇ ಉಳಿದಿರುತ್ತದೆ.

ಉಳಿಯುವುದು ಎಲ್ಲಿ? ಮಾಂಸದಲ್ಲೇ. ಮೀಥೈಲ್ ಪಾದರಸ ಮಾಂಸದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಚರ್ಮ ಸುಲಿದರೂ, ಉಪ್ಪು ಹುಳಿ ಹಾಕಿ ತೊಳೆದರೂ, ಚೆನ್ನಾಗಿ ಬೇಯಿಸಿದರೂ, ಕಾವಲಿಯಲ್ಲಿ ಕರಿದರೂ ಅದು ಹೋಗುವುದಿಲ್ಲ. ಒಣಗಿಸಿದರೆ ನೀರು ಹೋಗಿ, ಅಷ್ಟೇ ತೂಕಕ್ಕೆ ಪಾದರಸ ಇನ್ನೂ ಜಾಸ್ತಿಯಾಗುತ್ತದೆ. ಅಡುಗೆಮನೆಯಲ್ಲಿ ಇದಕ್ಕೆ ಪರಿಹಾರ ಇಲ್ಲ. ಇರುವ ಪರಿಹಾರ ಒಂದೇ, ಕೊಳ್ಳುವಾಗ ಆರಿಸುವುದು.

ತಾಯಿಯ ರಕ್ತದಿಂದ ಇದು ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ಹೊಕ್ಕುಳ ಬಳ್ಳಿಯ ರಕ್ತದಲ್ಲಿ ಇದರ ಪ್ರಮಾಣ ತಾಯಿಯ ರಕ್ತಕ್ಕಿಂತಲೂ ಹೆಚ್ಚು, ಸರಾಸರಿ 1.7 ಪಟ್ಟು. ಮಗುವಿನ ಮೆದುಳು ಕಟ್ಟಿಕೊಳ್ಳುತ್ತಿರುವ ಸಮಯ ಅದು. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತ ಇದನ್ನೇ ತೋರಿಸಿತು. ಕಾರ್ಖಾನೆಯ ಪಾದರಸ ಸೇರಿದ ಕೊಲ್ಲಿಯ ಮೀನು ತಿಂದ ಕೆಲವು ತಾಯಂದಿರಿಗೆ ಹೇಳಿಕೊಳ್ಳುವಂಥ ಲಕ್ಷಣವೇ ಇರಲಿಲ್ಲ, ಹುಟ್ಟಿದ ಮಕ್ಕಳ ನರಮಂಡಲ ಮಾತ್ರ ತೀವ್ರವಾಗಿ ಹಾಳಾಗಿತ್ತು.

ಇನ್ನೊಂದು ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಮೈಗೆ ಸೇರಿದ ಮೀಥೈಲ್ ಪಾದರಸ ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಬೇಕು. ಅಂದರೆ ಬಸುರಿ ಅಂತ ಗೊತ್ತಾದ ದಿನ ದೊಡ್ಡ ಮೀನು ನಿಲ್ಲಿಸಿದರೂ ಹಿಂದಿನ ತಿಂಗಳುಗಳದ್ದು ಮೈಯಲ್ಲಿ ಇದ್ದೇ ಇರುತ್ತದೆ. ಮಗು ಬೇಕು ಎಂದು ಯೋಚಿಸುವಾಗಲೇ ಮೀನಿನ ಆಯ್ಕೆ ಬದಲಾಗಬೇಕು. ಇದನ್ನು ಹೇಳುವವರು ಕಡಿಮೆ.

ಒಂದು ಬಟ್ಟಲಿನ ಲೆಕ್ಕ

ವಿಶ್ವಸಂಸ್ಥೆಯ ಆಹಾರ ತಜ್ಞರ ಸಮಿತಿ 2003ರಲ್ಲಿ ಒಂದು ಮಿತಿ ಹಾಕಿತು. ಒಂದು ಕಿಲೋ ದೇಹತೂಕಕ್ಕೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ. 55 ಕಿಲೋ ತೂಕದ ಹೆಂಗಸಿಗೆ ಅದು ವಾರಕ್ಕೆ 88 ಮೈಕ್ರೋಗ್ರಾಂ ಆಗುತ್ತದೆ. ಅಮೆರಿಕದ ಪರಿಸರ ಇಲಾಖೆಯ ಮಿತಿ ಇನ್ನೂ ಬಿಗಿ. ಅದರ ಪ್ರಕಾರ ಅದೇ ಹೆಂಗಸಿಗೆ ವಾರಕ್ಕೆ 39ರ ಆಸುಪಾಸು.

ಈಗ ಮೀನು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ವರ್ಷಗಟ್ಟಲೆ ಅಳೆದ ಸರಾಸರಿಯಲ್ಲಿ ಒಂದು ಗ್ರಾಂ ಸಾರ್ಡಿನ್‌ನಲ್ಲಿ 0.013 ಮೈಕ್ರೋಗ್ರಾಂ ಪಾದರಸ ಇದೆ. ಬೂತಾಯಿ ಸಾರ್ಡಿನ್ ಜಾತಿಯದ್ದೇ. ಸಾಫು ಮಾಡಿದ 150 ಗ್ರಾಂ ಮೀನು ಒಂದು ಹೊತ್ತಿಗೆ ಬಟ್ಟಲಿಗೆ ಬಂತು ಅಂದರೆ 2 ಮೈಕ್ರೋಗ್ರಾಂ. 88 ಮುಟ್ಟಬೇಕಾದರೆ ವಾರಕ್ಕೆ 6 ಕಿಲೋ ದಾಟಿ ತಿನ್ನಬೇಕು. ಯಾರಿಂದ ಆಗುತ್ತದೆ? ಕೊಲ್ಲತರು ಜಾತಿಯದ್ದು 0.016, ಸಿಗಡಿ 0.009. ಅವೂ ಇದೇ ಸಾಲಿನವು.

ಶಾರ್ಕ್‌ನ ಸರಾಸರಿ 0.979. ಅದೇ 150 ಗ್ರಾಂಗೆ 147 ಮೈಕ್ರೋಗ್ರಾಂ. ಒಂದೇ ಊಟಕ್ಕೆ ವಾರದ ಮಿತಿ ದಾಟಿ ಹೋಯಿತು. ಬೂತಾಯಿಗೂ ಇದಕ್ಕೂ 75 ಪಟ್ಟು ವ್ಯತ್ಯಾಸ. ಎರಡನ್ನೂ "ಮೀನು" ಅಂತ ಒಂದೇ ಮಾತಿನಲ್ಲಿ ಹೇಳಿ "ಬೇಡ" ಅನ್ನುವುದರಲ್ಲಿ ಅರ್ಥ ಇಲ್ಲ, ಅಲ್ವಾ?

ಈ ಸಂಖ್ಯೆಗಳು ಅಮೆರಿಕದ ಮಾರುಕಟ್ಟೆಯವು. ನಮ್ಮ ಕಡಲಿನ ಮೀನಿನಲ್ಲಿ ಸ್ವಲ್ಪ ಆಚೆ ಈಚೆ ಆಗುತ್ತದೆ. ಆದರೆ ಚಿಕ್ಕದರಲ್ಲಿ ಕಡಿಮೆ, ದೊಡ್ಡ ಬೇಟೆಗಾರ ಮೀನಿನಲ್ಲಿ ಜಾಸ್ತಿ ಎಂಬ ಕ್ರಮ ಎಲ್ಲ ಕಡಲಿನಲ್ಲೂ ಒಂದೇ. ಇನ್ನೊಂದು, ಈ ಮಿತಿಗಳನ್ನು ಹಾಕುವಾಗಲೇ ಸಾಕಷ್ಟು ಅಂತರ ಬಿಟ್ಟು ಹಾಕಿರುತ್ತಾರೆ. ಯಾವತ್ತೋ ಒಂದು ದಿನ ನೆಂಟರ ಮನೆಯಲ್ಲಿ ತಾಟೆ ಸಾರು ಉಂಡದ್ದಕ್ಕೆ ರಾತ್ರಿಯೆಲ್ಲ ನಿದ್ದೆಗೆಡಬೇಕಾಗಿಲ್ಲ. ವಾರ ವಾರ ಅದೇ ಆದರೆ ಮಾತು ಬೇರೆ.

ಬಿಟ್ಟರೆ ಕಳೆದುಕೊಳ್ಳುವುದು

ಮಗುವಿನ ಮೆದುಳು, ಕಣ್ಣಿನ ಪರದೆ ಬೆಳೆಯಲು ಡಿಎಚ್‌ಎ ಎಂಬ ಒಮೇಗಾ-3 ಕೊಬ್ಬು ಬೇಕು. ಕೊನೆಯ ಮೂರು ತಿಂಗಳಲ್ಲಂತೂ ಮಗು ಇದನ್ನು ತಾಯಿಯಿಂದ ಎಳೆದುಕೊಳ್ಳುತ್ತದೆ. ಅಗಸೆ ಬೀಜ, ಅಕ್ರೋಟಿನಲ್ಲಿ ಇರುವುದು ಬೇರೆ ಒಮೇಗಾ-3. ನಮ್ಮ ಮೈ ಅದರಲ್ಲಿ ತೀರಾ ಸ್ವಲ್ಪವನ್ನು ಮಾತ್ರ ಡಿಎಚ್‌ಎ ಮಾಡಿಕೊಳ್ಳುತ್ತದೆ. ಊಟದಲ್ಲಿ ನೇರವಾಗಿ ಸಿಗುವ ದೊಡ್ಡ ಮೂಲ ಮೀನೇ. ಅದರಲ್ಲೂ ಎಣ್ಣೆ ಜಾಸ್ತಿ ಇರುವ ಬೂತಾಯಿ, ಬಂಗುಡೆ. ಮಳೆಗಾಲ ಮುಗಿದ ಮೇಲೆ ಸಿಗುವ ಬೂತಾಯಿ ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ಬೇಯುತ್ತದೆ. ಆ ಎಣ್ಣೆಯಲ್ಲೇ ಡಿಎಚ್‌ಎ ಇರುವುದು. ಕರಿದರೆ ಸ್ವಲ್ಪ ಕಳೆದುಹೋಗುತ್ತದೆ, ಸಾರು ಮಾಡಿದರೆ ಸಾರಿನಲ್ಲೇ ಉಳಿಯುತ್ತದೆ.

ಇದಕ್ಕೆ ಆಧಾರ ಎಷ್ಟು ಗಟ್ಟಿ? 2018ರಲ್ಲಿ ಕೊಕ್ರೇನ್ ಎಂಬ ಸಂಸ್ಥೆ ಬೇರೆ ಬೇರೆ ದೇಶಗಳ 70 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿತು. ಒಮೇಗಾ-3 ಜಾಸ್ತಿ ಸಿಕ್ಕ ಬಸುರಿಯರಲ್ಲಿ 37 ವಾರಕ್ಕೆ ಮೊದಲೇ ಹೆರಿಗೆ ಆಗುವುದು ಸಾವಿರಕ್ಕೆ 134ರಿಂದ 119ಕ್ಕೆ ಇಳಿದಿತ್ತು. 34 ವಾರಕ್ಕೂ ಮೊದಲು ಆಗುವುದು ಸಾವಿರಕ್ಕೆ 46ರಿಂದ 27ಕ್ಕೆ ಇಳಿದಿತ್ತು. ಇವುಗಳಲ್ಲಿ ಹೆಚ್ಚಿನವು ಮಾತ್ರೆ ಕೊಟ್ಟು ಮಾಡಿದ ಪ್ರಯೋಗಗಳು, ಮೀನೂಟ ಬಡಿಸಿದ್ದಲ್ಲ. ಆದರೂ ದಿನ ತುಂಬದೆ ಹುಟ್ಟುವುದು ಎಳೆಗೂಸಿನ ಸಾವಿಗೆ ದೊಡ್ಡ ಕಾರಣ ಆಗಿರುವಾಗ ಈ ಇಳಿಕೆ ಸಣ್ಣದಲ್ಲ.

ಮೀನೂಟದ್ದೇ ಲೆಕ್ಕ ಬೇಕೆಂದರೆ ಇಂಗ್ಲೆಂಡಿನ ಬ್ರಿಸ್ಟಲ್ ಕಡೆಯ ಅಧ್ಯಯನ ಇದೆ. ಹನ್ನೊಂದು ಸಾವಿರಕ್ಕೂ ಮಿಕ್ಕಿದ ಬಸುರಿಯರು ಏನು ತಿಂದರು ಎಂದು ಬರೆದಿಟ್ಟು, ಮಕ್ಕಳು ದೊಡ್ಡವರಾಗುವುದನ್ನು ಗಮನಿಸುತ್ತಾ ಬಂದರು. 2007ರಲ್ಲಿ ಬಂದ ಫಲಿತಾಂಶ ಹಲವರನ್ನು ಕಸಿವಿಸಿಗೊಳಿಸಿತು. ವಾರಕ್ಕೆ 340 ಗ್ರಾಂಗಿಂತ ಕಡಿಮೆ ಮೀನು ತಿಂದ ತಾಯಂದಿರ ಮಕ್ಕಳೇ ಮಾತು, ಭಾಷೆಯ ಬುದ್ಧಿ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದು ಜಾಸ್ತಿ. ಮೀನು ಚೆನ್ನಾಗಿ ತಿನ್ನುವ ಮನೆಗಳಲ್ಲಿ ದುಡ್ಡು, ಓದು ಕೂಡ ಜಾಸ್ತಿ ಇದ್ದಿರಬಹುದು. ಅದನ್ನೆಲ್ಲ ಕಳೆದು ನೋಡುವ ಪ್ರಯತ್ನ ಮಾಡಿದ್ದರು, ಆದರೆ ಇಂಥ ಅಧ್ಯಯನದಲ್ಲಿ ಪೂರ್ತಿ ಕಳೆಯಲು ಆಗುವುದಿಲ್ಲ.

ಡಿಎಚ್‌ಎ ಒಂದೇ ಅಲ್ಲ. ಪ್ರೋಟೀನು, ಬಿ12, ವಿಟಮಿನ್ ಡಿ, ಅಯೋಡಿನ್ ಎಲ್ಲ ಒಂದೇ ಬಟ್ಟಲಿನಲ್ಲಿ ಬರುತ್ತವೆ. ಮೀನಿನಲ್ಲಿರುವ ಕಬ್ಬಿಣದ ಅಂಶ ಸೊಪ್ಪಿನದಕ್ಕಿಂತ ಬೇಗ ಮೈಗೆ ಹಿಡಿಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ 52.2 ಶೇಕಡಾ ಮಂದಿಗೆ ರಕ್ತಹೀನತೆ ಇತ್ತು.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ. ಮೀನು ಬಿಟ್ಟವಳ ಬಟ್ಟಲಿಗೆ ಅದರ ಬದಲು ಏನು ಬರುತ್ತದೆ? ಮೊಟ್ಟೆ, ಬೇಳೆ, ಹಾಲು ಬಂದರೆ ಒಳ್ಳೆಯದು. ಬಹಳ ಮನೆಗಳಲ್ಲಿ ಬರುವುದು ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಗಂಜಿಯ ಮೇಲೆ ಯಾವ ಸಿಟ್ಟೂ ಇಲ್ಲ, ಆದರೆ ಮೀನು ಕೊಡುತ್ತಿದ್ದದ್ದನ್ನು ಅದು ಕೊಡುವುದಿಲ್ಲ.

ತಜ್ಞರಲ್ಲೇ ಒಮ್ಮತ ಇರಲಿಲ್ಲ

ಗೊಂದಲಕ್ಕೆ ವಾಟ್ಸಾಪ್ ಒಂದನ್ನೇ ಬೈಯುವುದು ಸರಿಯಲ್ಲ. ವಿಜ್ಞಾನಿಗಳೇ ಬಹಳ ಕಾಲ ಎರಡು ದಿಕ್ಕಿಗೆ ಎಳೆದರು.

ಒಂದು ಕಡೆ ಅಟ್ಲಾಂಟಿಕ್‌ನ ಫೇರೋ ದ್ವೀಪಗಳು. ಅಲ್ಲಿ 1986ರಿಂದ ನಡೆದ ಅಧ್ಯಯನದಲ್ಲಿ ತಾಯಿಯ ಮೈಯಲ್ಲಿ ಪಾದರಸ ಜಾಸ್ತಿ ಇದ್ದಷ್ಟೂ ಮಕ್ಕಳ ನೆನಪು, ಗಮನ, ಮಾತಿನಲ್ಲಿ ಸ್ವಲ್ಪ ಸ್ವಲ್ಪ ಹಿನ್ನಡೆ ಕಂಡಿತು. ಇನ್ನೊಂದು ಕಡೆ ನಮ್ಮದೇ ಹಿಂದೂ ಮಹಾಸಾಗರದ ಸೀಶೆಲ್ಸ್. ಅಲ್ಲಿನ ತಾಯಂದಿರು ವಾರಕ್ಕೆ ಸುಮಾರು 12 ಸಲ ಮೀನು ತಿನ್ನುವವರು. ಅವರ ಮಕ್ಕಳಲ್ಲಿ ಅಂಥ ಹಿನ್ನಡೆ ಗಟ್ಟಿಯಾಗಿ ಕಾಣಲಿಲ್ಲ.

ಒಂದೇ ವಿಷ, ಎರಡು ಫಲ, ಯಾಕೆ? ಫೇರೋದಲ್ಲಿ ಹೆಚ್ಚಿನ ಪಾದರಸ ಬಂದದ್ದು ತಿಮಿಂಗಿಲದ ಮಾಂಸದಿಂದ. ಅದರಲ್ಲಿ ಪಾದರಸವೂ ವಿಪರೀತ, ಜೊತೆಗೆ ಬೇರೆ ರಾಸಾಯನಿಕಗಳೂ ಇದ್ದವು. ತಿಮಿಂಗಿಲ ಸಿಕ್ಕಿದ ಸಮಯದಲ್ಲಿ ಒಟ್ಟಿಗೆ ಜಾಸ್ತಿ ತಿನ್ನುತ್ತಿದ್ದರು. ಸೀಶೆಲ್ಸ್‌ನಲ್ಲಿ ದಿನ ದಿನ ಸ್ವಲ್ಪ ಸ್ವಲ್ಪ, ಅದೂ ಸಾಮಾನ್ಯ ಕಡಲ ಮೀನು. ಮೀನಿನ ಒಳ್ಳೆಯ ಅಂಶಗಳು ಪಾದರಸದ ಕೆಟ್ಟದ್ದನ್ನು ಒಂದು ಮಟ್ಟದ ತನಕ ಸರಿದೂಗಿಸಿರಬಹುದು ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. 2010ರಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯೂ, ಹೆಚ್ಚಿನ ಸಂದರ್ಭಗಳಲ್ಲಿ ತಾಯಿ ಮೀನು ತಿಂದರೆ ಮಗುವಿಗೆ ಲಾಭವೇ ಜಾಸ್ತಿ ಎಂದಿತು.

ಎಚ್ಚರಿಕೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವೇ ಉದಾಹರಣೆ. 2001ರ ಜನವರಿಯಲ್ಲಿ ಅಲ್ಲಿನ ಸರಕಾರ ಬಸುರಿಯರಿಗೆ ಕೆಲವು ಜಾತಿಯ ಮೀನು ಬೇಡ ಎಂದಿತು. ಮಸಾಚುಸೆಟ್ಸ್ ರಾಜ್ಯದಲ್ಲಿ ಗಮನಿಸಿದಾಗ ಜನ ಪಟ್ಟಿಯಲ್ಲಿ ಇಲ್ಲದ ಮೀನನ್ನೂ ಕಡಿಮೆ ಮಾಡಿದ್ದು ಗೊತ್ತಾಯಿತು. ನಂತರ ಅಲ್ಲಿನ ಇಲಾಖೆಗಳೇ ಮಾತು ಬದಲಿಸಿ, ಪಾದರಸ ಕಡಿಮೆ ಇರುವ ಮೀನನ್ನು ವಾರಕ್ಕೆ 227ರಿಂದ 340 ಗ್ರಾಂ ತನಕ ತಿನ್ನಲೇಬೇಕು ಎಂಬ ರೀತಿಯಲ್ಲಿ ಸಲಹೆ ಬರೆದವು. ಅಂದರೆ ವಾರಕ್ಕೆ ಎರಡು ಮೂರು ಊಟ.

ನಮ್ಮ ಮಾರುಕಟ್ಟೆಯಲ್ಲಿ ಇದರ ಅರ್ಥ

ಅಮೆರಿಕದ "ಬೇಡ" ಪಟ್ಟಿಯಲ್ಲಿ ಶಾರ್ಕ್, ಕತ್ತಿಮೀನು, ಮಾರ್ಲಿನ್, ದೊಡ್ಡ ಕಣ್ಣಿನ ಟ್ಯೂನಾ, ಕಿಂಗ್ ಮ್ಯಾಕರೆಲ್ ಇವೆ. ಕೊನೆಯ ಹೆಸರು ನೋಡಿ "ಮ್ಯಾಕರೆಲ್ ಅಂದರೆ ಬಂಗುಡೆ, ಹಾಗಾದರೆ ಬಂಗುಡೆ ಬೇಡ" ಅಂದುಕೊಳ್ಳುವವರು ಇದ್ದಾರೆ. ಆ ಮೀನಿಗೂ ನಮ್ಮ ಬಂಗುಡೆಗೂ ಗಾತ್ರದಲ್ಲೇ ಸಂಬಂಧ ಇಲ್ಲ. ಬಂಗುಡೆ ಸಣ್ಣ ಮೀನು, ಬಸುರಿ ಧೈರ್ಯವಾಗಿ ತಿನ್ನಬಹುದು. ಕಿಂಗ್ ಮ್ಯಾಕರೆಲ್‌ಗೆ ಹತ್ತಿರದ ಸಂಬಂಧ ಇರುವುದು ಅಂಜಲ್‌ಗೆ.

ಹಾಗಂತ ಅಂಜಲ್ ಪೂರ್ತಿ ಬೇಡ ಅಂತಲೂ ಇಲ್ಲ. ಅಂಜಲ್ ಬೇರೆ ಮೀನು ತಿಂದು ಬೆಳೆಯುವ ಮೀನು, ದೊಡ್ಡದಾದಷ್ಟೂ ವಯಸ್ಸು ಜಾಸ್ತಿ, ಪಾದರಸವೂ ಜಾಸ್ತಿ. ಮಾರುಕಟ್ಟೆಯಲ್ಲಿ ಇಡೀ ಮೀನು ಕಾಣದಿದ್ದರೂ ತುಂಡಿನ ಅಗಲ ನೋಡಿದರೆ ಗೊತ್ತಾಗುತ್ತದೆ. ಅಂಗೈ ತುಂಬುವ ತುಂಡು ದೊಡ್ಡ, ಹಳೆಯ ಮೀನಿನದ್ದು. ಕಿಲೋ ಒಂದರ ಆಸುಪಾಸಿನ ಚಿಕ್ಕ ಅಂಜಲ್ ಆದರೆ ಅಪರೂಪಕ್ಕೆ ತಿನ್ನಬಹುದು. ದೊಡ್ಡದು ಈ ಒಂಬತ್ತು ತಿಂಗಳಿಗೆ ಬೇಡ. ಮದುವೆ ಮನೆಯಲ್ಲಿ, ಹೋಟೆಲಿನಲ್ಲಿ ಮರ್ಯಾದೆಗೆ ಬಡಿಸುವುದು ಅದೇ ದೊಡ್ಡ ತುಂಡು ಎಂಬುದು ಬೇರೆ ಮಾತು. ದೊಡ್ಡ ಟ್ಯೂನಾಕ್ಕೂ ಇದೇ ಲೆಕ್ಕ. ದುಬಾರಿ ಮೀನು ಬಸುರಿಗೆ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಅವಳಿಗೆ ಎಲ್ಲಕ್ಕಿಂತ ಒಳ್ಳೆಯದು ಎಲ್ಲಕ್ಕಿಂತ ಅಗ್ಗದ ಬೂತಾಯಿ. ಕಾಣೆ, ಮಾಂಜಿ, ಕೊಲ್ಲತರು, ಸಿಗಡಿ ಎಲ್ಲ ಆಗುತ್ತದೆ.

ತಾಟೆಯ ವಿಷಯ ಸ್ವಲ್ಪ ಸೂಕ್ಷ್ಮ. ಎದೆಹಾಲು ಜಾಸ್ತಿಯಾಗುತ್ತದೆ ಎಂದು ಬಾಣಂತಿಗೆ ಮರಿ ತಾಟೆಯ ಪದಾರ್ಥ ಮಾಡಿಕೊಡುವುದು ಕರಾವಳಿಯ ಹಳೆಯ ಪದ್ಧತಿ, ತಮಿಳುನಾಡಿನಲ್ಲೂ ಇದೆ. ಮುದ್ದಾಂ ಚಿಕ್ಕದನ್ನೇ ಆರಿಸುವುದು ಅಜ್ಜಿಯರ ಕ್ರಮ. ಚಿಕ್ಕ ತಾಟೆಯಲ್ಲಿ ಪಾದರಸ ದೊಡ್ಡದಕ್ಕಿಂತ ಬಹಳ ಕಡಿಮೆ ಇರುತ್ತದೆ, ಹಾಗಾಗಿ ಆ ಪದ್ಧತಿಯನ್ನು ಒಂದೇಟಿಗೆ ತಳ್ಳಿಹಾಕುವುದು ಸರಿಯಲ್ಲ. ಆದರೆ ಇವತ್ತು ಮಾರುಕಟ್ಟೆಯಲ್ಲಿ ತುಂಡು ಮಾಡಿ ಇಟ್ಟದ್ದು ಮರಿಯದ್ದಾ, ಆಳು ಗಾತ್ರದ್ದಾ ಅಂತ ಹೇಳುವವರು ಯಾರು? ಬಸುರಿಯಾಗಿದ್ದಾಗ ಬಿಡುವುದೇ ವಾಸಿ. ಎದೆಹಾಲಿನ ಮೂಲಕ ಪಾದರಸ ಮಗುವಿಗೆ ಹೋಗುವುದು ಮಾಸಿನ ಮೂಲಕ ಹೋದಷ್ಟಿಲ್ಲ, ಆದರೂ ಬಾಣಂತಿಗೆ ಕಾಣೆ, ಬೂತಾಯಿ ಇರುವಾಗ ದೊಡ್ಡ ತಾಟೆಯ ಅಗತ್ಯ ಏನೂ ಇಲ್ಲ.

"ನಮ್ಮ ಅಜ್ಜಿ ಎಲ್ಲ ತಿಂದಿದ್ದಳು, ಏನಾಯಿತು?" ಎಂಬ ವಾದವೂ ಇದೆ. ಅಜ್ಜಿ ತಿಂದದ್ದು ಹೆಚ್ಚಾಗಿ ದಡದ ಹತ್ತಿರ ಬಲೆಗೆ ಬಿದ್ದ ಸಣ್ಣ ಮೀನು. ಆಳ ಕಡಲಿನ ದೊಡ್ಡ ಮೀನು ಮಂಜುಗಡ್ಡೆಯಲ್ಲಿ ಊರೂರಿಗೆ ಬರತೊಡಗಿದ್ದು ಆಮೇಲೆ. ಕಡಲ ಮೇಲ್ಪದರದ ಪಾದರಸವೂ ಅಂದಿಗಿಂತ ಈಗ ಜಾಸ್ತಿ. ಇನ್ನು ಬಂಗುಡೆ, ಸಿಗಡಿ ನಂಜು ಎಂದು ಬಸುರಿಗೆ ಕೊಡದ ಮನೆಗಳಿವೆ. ಸಿಗಡಿ ತಿಂದರೆ ಮೈ ತುರಿಸುವ ಅಲರ್ಜಿ ಕೆಲವರಿಗೆ ಇರುತ್ತದೆ, ಅವರು ಬಿಡಲಿ. ಇಲ್ಲದವರಿಗೆ ನಂಜಿನ ಹೆಸರಿನಲ್ಲಿ ಬಂಗುಡೆ ತಪ್ಪಿಸಿ ದೊಡ್ಡ ಅಂಜಲ್ ಬಡಿಸಿದರೆ ಲೆಕ್ಕ ಉಲ್ಟಾ ಆಯಿತು.

ಮಳೆಗಾಲದ ಮೀನು

ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ 52 ದಿನ ಟ್ರಾಲಿಂಗ್ ನಿಷೇಧ. ಕರ್ನಾಟಕದಲ್ಲಿ ಜೂನ್ 1ರಿಂದಲೇ ಶುರು, 61 ದಿನ. ಹಾಗಾಗಿ ಮಂಜೇಶ್ವರ, ಕಾಸರಗೋಡು ಬಂದರಿನಲ್ಲೂ ದೊಡ್ಡ ಬೋಟಿನ ಮೀನಿಲ್ಲ, ತಲಪಾಡಿ ದಾಟಿ ಮಂಗಳೂರಿನ ದಕ್ಕೆಯಿಂದ ಬರುವುದೂ ನಿಲ್ಲುತ್ತದೆ. ಪೂರ್ವ ಕರಾವಳಿಯಲ್ಲಿ ನಿಷೇಧ ಜೂನ್ 14ಕ್ಕೇ ಮುಗಿದಿರುತ್ತದೆ. ನಾಡದೋಣಿಯವರು ತರುವ ಸ್ವಲ್ಪ ಮೀನು ಬಿಟ್ಟರೆ ಆ ದಿನಗಳಲ್ಲಿ ಹೆಚ್ಚಿನದು ದೂರದಿಂದ ಲಾರಿಯಲ್ಲಿ ಬರುತ್ತದೆ. ದೂರ ಜಾಸ್ತಿ, ದಿನ ಜಾಸ್ತಿ, ಕೆಡದಂತೆ ಇಡುವ ಆಸೆಯೂ ಜಾಸ್ತಿ. ಫಾರ್ಮಾಲಿನ್ ಸುದ್ದಿ ಇದೇ ತಿಂಗಳಲ್ಲಿ ಬರುವುದು ಅದಕ್ಕೇ. 2018ರ ಜೂನ್‌ನಲ್ಲಿ ಕೇರಳ ಆಹಾರ ಸುರಕ್ಷಾ ಇಲಾಖೆ ಸಾಗರ ರಾಣಿ ಎಂಬ ಕಾರ್ಯಾಚರಣೆಯಲ್ಲಿ ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಸಾವಿರಾರು ಕಿಲೋ ಮೀನು ಹಿಡಿದಿತ್ತು.

ಫಾರ್ಮಾಲಿನ್ ಹಾಕಿದ ಮೀನು ಬಸುರಿಗೂ ಬೇಡ, ಯಾರಿಗೂ ಬೇಡ. ಇದರಲ್ಲಿ ಎರಡು ಅಭಿಪ್ರಾಯ ಇಲ್ಲ. ತೊಳೆದರೆ, ಬೇಯಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಅದನ್ನು ನಂಬಿ ಕೂರುವ ಹಾಗಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕಾಗದದ ಪಟ್ಟಿಯಿಂದ ಪತ್ತೆ ಮಾಡುವ ಕಿಟ್ ತಯಾರಿಸಿದೆ. ಕೆಲವು ಜಾತಿಯ ಮೀನಿನಲ್ಲಿ ಸತ್ತ ಮೇಲೆ ಫಾರ್ಮಾಲ್ಡಿಹೈಡ್ ತಾನಾಗಿಯೇ ಸ್ವಲ್ಪ ಉಂಟಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಬಣ್ಣ ಬಂದ ಮಾತ್ರಕ್ಕೆ ಮೀನಿನವರ ಮೇಲೆ ಏರಿಹೋಗುವುದು ನ್ಯಾಯವಲ್ಲ. ನೊಣ ಕೂರದಿದ್ದರೆ ಫಾರ್ಮಾಲಿನ್ ಎಂಬ ಪರೀಕ್ಷೆಯೂ ನಂಬುವಂಥದ್ದಲ್ಲ, ಮಂಜುಗಡ್ಡೆಯ ಮೀನಿಗೂ ನೊಣ ಕಡಿಮೆಯೇ.

ಜನ ಗಮನ ಕೊಡದ ಇನ್ನೊಂದು ಅಪಾಯ ಇದಕ್ಕೆ ವಿರುದ್ಧದ್ದು. ಏನೂ ಹಾಕದೆ, ಮಂಜುಗಡ್ಡೆಯೂ ಇಲ್ಲದೆ ಬಿಸಿಲಲ್ಲಿ ಹೊತ್ತು ಕಳೆದ ಬಂಗುಡೆ, ಬೂತಾಯಿ, ಟ್ಯೂನಾದಲ್ಲಿ ಹಿಸ್ಟಮಿನ್ ಎಂಬುದು ಉಂಟಾಗುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತಲೆನೋವು, ತುರಿಕೆ, ವಾಂತಿ ಬರಬಹುದು. ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತಾ ಬರುವ ಮೀನಿನವರ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಇದೆಯೇ ಎಂದು ನೋಡಿದರೆ ಈ ಚಿಂತೆ ಅರ್ಧ ಮುಗಿಯಿತು. ಒತ್ತಿದರೆ ಗುಳಿ ನಿಲ್ಲಬಾರದು, ಕಣ್ಣು ಒಳಗೆ ಹೋಗಿರಬಾರದು, ಕಿವಿರು ಕೆಂಪಿರಬೇಕು. ಕಲ್ಲುಮ್ಮಕ್ಕಾಯಿ, ಮರುವಾಯಿ ಬಾಯಿ ಬಿಡುವ ತನಕ ಚೆನ್ನಾಗಿ ಬೇಯಬೇಕು. ಬೆಂದ ಮೇಲೂ ಬಾಯಿ ಬಿಡದ್ದನ್ನು ಬಿಸಾಡಬೇಕು.

ಮಳೆಗಾಲದಲ್ಲಿ ಒಣಮೀನಿನ ಚಟ್ನಿ ಬೇಡ ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಬಿಪಿ ಇರುವ, ಕಾಲು ಊದುವ ಬಸುರಿಗೆ ಅದರ ಉಪ್ಪು ಮಾತ್ರ ಒಳ್ಳೆಯದಲ್ಲ. ಮೀನೆಣ್ಣೆ ಮಾತ್ರೆ ತೆಗೆದುಕೊಳ್ಳುವವರು ಡಬ್ಬಿಯ ಮೇಲೆ ನೋಡಿಕೊಳ್ಳಬೇಕು. ಕಾಡ್ ಲಿವರ್, ಶಾರ್ಕ್ ಲಿವರ್ ಎಂದಿದ್ದರೆ ಅದು ಯಕೃತ್ತಿನ ಎಣ್ಣೆ. ಅದರಲ್ಲಿ ವಿಟಮಿನ್ ಎ ವಿಪರೀತ ಇರಬಹುದು. ಮಿತಿ ಮೀರಿದರೆ ಮಗುವಿಗೆ ಹುಟ್ಟು ದೋಷ ಬರಬಹುದು. ಡಾಕ್ಟರು ಬರೆದುಕೊಡದೆ ಬೇಡ.

ಬೂತಾಯಿ ಇಲ್ಲದ ವರ್ಷ

ಸಲಹೆ ಎಷ್ಟೇ ಸರಿ ಇದ್ದರೂ ಬೂತಾಯಿ ಬುಟ್ಟಿಗೆ ಬರಬೇಕಲ್ಲ. 2012ರಲ್ಲಿ ಕೇರಳದ ಬಂದರುಗಳಿಗೆ ನಾಲ್ಕು ಲಕ್ಷ ಟನ್ನಿನ ಹತ್ತಿರ ಬೂತಾಯಿ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಆಮೇಲೆ ಚೇತರಿಸಿಕೊಂಡಿದೆ, ಆದರೂ ಅಭಾವದ ದಿನಗಳಲ್ಲಿ ಕಿಲೋಗೆ 300 ರೂಪಾಯಿ ದಾಟಿದ್ದೂ ಉಂಟು. ಬಡವರ ಮೀನು ಬಡವರ ಕೈಗೆ ಸಿಗದೆ ಹೋದರೆ ಪಾದರಸದ ಸುದ್ದಿ ಇಲ್ಲದೆಯೇ ಬಸುರಿಯ ಬಟ್ಟಲಿನಿಂದ ಮೀನು ಮಾಯವಾಗುತ್ತದೆ.

ಸುದ್ದಿಯಿಂದ ಆಗುವ ಹೊಡೆತ ಬೇರೆ. ಹಡಗು ಮುಳುಗಿತು ಎಂದು ಜನ ಮೀನು ಬಿಟ್ಟರೆ ಮೊದಲು ಬಿಕರಿಯಾಗದೆ ಉಳಿಯುವುದು ನಾಡದೋಣಿಯವರು ಅದೇ ದಿನ ಬೆಳಿಗ್ಗೆ ತಂದ ಸಣ್ಣ ಮೀನು. ಬಸುರಿಗೆ ಬೇಕಾದದ್ದೂ ಅದೇ. ದೊಡ್ಡ ಬೋಟಿನ ಮೀನು ಕೋಲ್ಡ್ ಸ್ಟೋರೇಜಿನಲ್ಲಿ ಕೂತು ಬೆಲೆ ಬರುವ ತನಕ ಕಾಯುತ್ತದೆ.

ಇಲಾಖೆಗಳು ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ನಮ್ಮ ಬಂದರುಗಳಿಗೆ ಬರುವ ಮೀನನ್ನು ಜಾತಿ ಮತ್ತು ಗಾತ್ರದ ಲೆಕ್ಕದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಆಗಾಗ ಹೊರಗೆ ಹಾಕಬೇಕು. "ಆತಂಕ ಬೇಡ" ಎಂಬ ಒಂದು ಸಾಲಿನ ಹೇಳಿಕೆಗಿಂತ, ಎರಡು ಕಿಲೋದ ಅಂಜಲ್‌ನಲ್ಲಿ ಇಷ್ಟು, ಬೂತಾಯಿಯಲ್ಲಿ ಇಷ್ಟು ಎಂದು ಬರೆದ ಪಟ್ಟಿಯನ್ನು ಈ ಜಿಲ್ಲೆಯ ಜನ ಬೇಗ ನಂಬುತ್ತಾರೆ. ಆ ಪಟ್ಟಿ ಮಲಯಾಳದ ಜೊತೆ ಕನ್ನಡದಲ್ಲೂ ಬರಬೇಕು, ಆಶಾ ಕಾರ್ಯಕರ್ತೆ ಕುಂಬಳೆಯ ಮನೆಯಲ್ಲೂ ಪೆರ್ಲದ ಮನೆಯಲ್ಲೂ ಅದನ್ನೇ ತೋರಿಸುವಂತಿರಬೇಕು.

ಅಲ್ಲಿಯ ತನಕ, ಬೂತಾಯಿ ಸಿಗದ ವಾರ ಬಂಗುಡೆ, ಅದೂ ಇಲ್ಲದಿದ್ದರೆ ಕೊಲ್ಲತರು ಆಗುತ್ತದೆ. ಸಾಕಿದ ತಿಲಾಪಿಯಾದಲ್ಲಿ ಪಾದರಸ ಕಡಿಮೆ, ಡಿಎಚ್‌ಎ ಕೂಡ ಕಡಿಮೆ, ಆದರೆ ಪ್ರೋಟೀನಿಗೆ ಮೋಸ ಇಲ್ಲ. ಮೀನು ಮುಟ್ಟದ ಮನೆಗಳ ಬಸುರಿಯರಿಗೆ, ವಾಸನೆಗೇ ವಾಂತಿ ಬಂದು ಮೊದಲ ಮೂರು ತಿಂಗಳು ತಿನ್ನಲಾಗದವರಿಗೆ ಪಾಚಿಯಿಂದ ತೆಗೆದ ಡಿಎಚ್‌ಎ ಮಾತ್ರೆ ಸಿಗುತ್ತದೆ. ಬೇಕೋ ಬೇಡವೋ, ಎಷ್ಟು ಬೇಕು ಎಂದು ತಪಾಸಣೆಗೆ ಹೋದಾಗ ಡಾಕ್ಟರನ್ನೇ ಕೇಳಬೇಕು.